ಭಾನುವಾರ ಬೆಳಿಗ್ಗೆ ಮ್ಯೂನಿಕ್‌ಗೆ ಒಬ್ಬಳೇ ಇಳಿಯುತ್ತಿದ್ದೇನೆ, ಮೊದಲ ದಿನ ಹೇಗೆ ಕಳೆಯಲಿ?

ನಮಸ್ಕಾರ ಎಲ್ಲರಿಗೂ. ಜೂನ್‌ನಲ್ಲಿ ಒಬ್ಬಳೇ ಜರ್ಮನಿಗೆ ಹೊರಟಿದ್ದೇನೆ. ಬೆಂಗಳೂರಿನಿಂದ ನೇರ ವಿಮಾನ, ಮ್ಯೂನಿಕ್‌ನಲ್ಲಿ ಇಳಿಯುವುದು ಭಾನುವಾರ ಬೆಳಿಗ್ಗೆ. ರೂಮು ಮುಖ್ಯ ರೈಲು ನಿಲ್ದಾಣದ ಹತ್ತಿರ ಸಿಕ್ಕಿದೆ, ಆದರೆ ಮಧ್ಯಾಹ್ನ 3ಕ್ಕೆ ಮುಂಚೆ ಕೊಡಲ್ಲ ಅಂದಿದ್ದಾರೆ. ನಾನು ಸಸ್ಯಾಹಾರಿ, ಮೊಟ್ಟೆ ನಡೆಯುತ್ತದೆ. ಜರ್ಮನ್ ಒಂದಕ್ಷರ ಬರಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ನಿಮ್ಮ ಅನುಭವ ಹೇಳಿ ಪ್ಲೀಸ್.

ಇಸಾರ್ ದಂಡೆ:
ಭಾನುವಾರ ಅಂದ್ರಲ್ಲ, ಅದೇ ಇಲ್ಲಿ ಮುಖ್ಯ ವಿಷಯ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವಂತಿಲ್ಲ, ಕಾನೂನೇ ಹಾಗಿದೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಂತೂ ಇನ್ನೂ ಬಿಗಿ. ನಮ್ಮಲ್ಲಿ ಬಂದ್ ಇದ್ದ ದಿನವೂ ಗಲ್ಲಿಯೊಳಗಿನ ಕಿರಾಣಿ ಅಂಗಡಿಯವನು ಅರ್ಧ ಶಟರ್ ಎತ್ತಿಕೊಂಡು ಕೂತಿರುತ್ತಾನೆ. ಇಲ್ಲಿ ಅದೂ ಇಲ್ಲ. ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಸಿಮ್ ಮಾರುವ ಅಂಗಡಿ ಎಲ್ಲಕ್ಕೂ ಬೀಗ. ಹೋಟೆಲ್, ಕೆಫೆ, ಮ್ಯೂಸಿಯಂ ತೆರೆದಿರುತ್ತವೆ. ತಲೆನೋವಿನ ಮಾತ್ರೆ ಇಲ್ಲಿ ಔಷಧಿ ಅಂಗಡಿ ಬಿಟ್ಟು ಬೇರೆಲ್ಲೂ ಸಿಗಲ್ಲ, ಭಾನುವಾರ ಸರದಿ ಪ್ರಕಾರ ಕೆಲವೇ ಔಷಧಿ ಅಂಗಡಿ ತೆಗೆದಿರುತ್ತವೆ. ಹಾಗಾಗಿ ಮಾತ್ರೆ ಊರಿನಿಂದಲೇ ತನ್ನಿ.

ವಿಮಾನ ನಿಲ್ದಾಣ ಈ ನಿಯಮಕ್ಕೆ ಹೊರತು. ಎರಡು ಟರ್ಮಿನಲ್‌ಗಳ ನಡುವೆ ಎಡೆಕಾ ಅನ್ನುವ ಸೂಪರ್ ಮಾರ್ಕೆಟ್ ಇದೆ, ವಾರದ ಏಳೂ ದಿನ ತೆರೆದಿರುತ್ತದೆ. ರೈಲು ಹತ್ತುವ ಜಾಗವೂ ಅಲ್ಲೇ ಕೆಳಗೆ. ಬ್ರೆಡ್, ಮೊಸರು, ಹಣ್ಣು, ನೀರು ತೆಗೆದುಕೊಂಡೇ ಊರೊಳಗೆ ಬನ್ನಿ, ಸೋಮವಾರ ಬೆಳಿಗ್ಗೆವರೆಗೂ ಚಿಂತೆಯಿಲ್ಲ. ನೀರಿನ ಬಾಟಲಿ ಮೇಲೆ "ಸ್ಟಿಲ್" ಅಂತ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಮುಚ್ಚಳ ತಿರುಗಿಸಿದ ತಕ್ಷಣ ಬುಸ್ ಅನ್ನುವ ಸೋಡಾ ನೀರು. ಬಿಲ್ಲಿನಲ್ಲಿ ಬಾಟಲಿಗೆ 25 ಸೆಂಟ್ ಜಾಸ್ತಿ ಹಾಕಿದ್ದರೆ ಗಾಬರಿ ಬೇಡ, ಅದು ಠೇವಣಿ. ಖಾಲಿ ಬಾಟಲಿಯನ್ನು ಯಾವ ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೂ ವಾಪಸ್ ಬರುತ್ತದೆ. ಅಸಲಿಗೆ ಒಂದು ಬಾಟಲಿ ಸಾಕು, ನಲ್ಲಿ ನೀರನ್ನೇ ತುಂಬಿಸಿ ಕುಡಿಯಬಹುದು.

ಊರೊಳಗೆ ಬರಲು ಎಸ್1, ಎಸ್8 ಎರಡೂ ರೈಲು ನಡೆಯುತ್ತದೆ. ಒಂದು ಪಶ್ಚಿಮದಿಂದ ಸುತ್ತಿ ಬರುತ್ತದೆ, ಇನ್ನೊಂದು ಪೂರ್ವದಿಂದ. ಮುಖ್ಯ ನಿಲ್ದಾಣಕ್ಕೆ ಹೇಗೆ ಬಂದರೂ ಮುಕ್ಕಾಲು ಗಂಟೆ. "ಏರ್‌ಪೋರ್ಟ್-ಸಿಟಿ-ಡೇ-ಟಿಕೆಟ್" ತಗೊಳ್ಳಿ. 15 ಯೂರೊ ದಾಟುತ್ತದೆ, ಆದರೆ ಮಾರನೆ ದಿನ ಬೆಳಿಗ್ಗೆ 6ರವರೆಗೆ ಊರಿನ ರೈಲು, ಮೆಟ್ರೊ, ಟ್ರಾಮ್, ಬಸ್ಸು ಎಲ್ಲದಕ್ಕೂ ಅದೇ ಆಗುತ್ತದೆ. ಬೆಂಗಳೂರು ಮೆಟ್ರೊದ ಹಾಗೆ ಇಲ್ಲಿ ಗೇಟು ಇರಲ್ಲ, ಯಾರೂ ತಡೆಯಲ್ಲ. ಯಂತ್ರದಿಂದ ತೆಗೆದ ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮ್‌ಗೆ ಇಳಿಯುವ ಮುಂಚೆ ಅಲ್ಲಿರುವ ಸಣ್ಣ ನೀಲಿ ಡಬ್ಬಿಯ ಸೀಳಿಗೆ ತುದಿ ತೂರಿಸಿ, ಟಕ್ ಅಂತ ಸದ್ದಾಗಿ ಮುದ್ರೆ ಬೀಳುತ್ತದೆ. ದಿನಾಂಕ ಮೊದಲೇ ಅಚ್ಚಾಗಿದ್ದರೆ, ಅಥವಾ ಮೊಬೈಲ್ ಟಿಕೆಟ್ ಆದರೆ ಈ ಕೆಲಸ ಇಲ್ಲ. ಮುದ್ರೆ ಬೀಳದ ಟಿಕೆಟ್ ಅಂದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ. ಸಾದಾ ಬಟ್ಟೆಯಲ್ಲಿ ತಪಾಸಣೆಯವರು ಬರುತ್ತಾರೆ, 60 ಯೂರೊ ದಂಡ, ಪ್ರವಾಸಿ ಅಂತ ರಿಯಾಯಿತಿ ಇಲ್ಲ.

ಇನ್ನೊಂದು. ವಾರಾಂತ್ಯದಲ್ಲಿ ಊರ ನಡುವಿನ ಸುರಂಗದ ಹಳಿಯಲ್ಲಿ ಆಗಾಗ ರಿಪೇರಿ ನಡೆಯುತ್ತದೆ, ಆಗ ರೈಲು ಅರ್ಧದಲ್ಲೇ ನಿಲ್ಲುತ್ತದೆ. ಹಿಂದಿನ ರಾತ್ರಿ ಮ್ಯೂನಿಕ್ ಸಾರಿಗೆ ಸಂಸ್ಥೆಯ ಎಂವಿವಿ ಆ್ಯಪ್‌ನಲ್ಲಿ ಒಮ್ಮೆ ನೋಡಿಬಿಡಿ.

ಕಾಫಿ ಕಣ:
ಮೇಲಿನವರು ಹೇಳಿದ್ದೆಲ್ಲ ಸರಿ. ಬ್ಯಾಗ್ ವಿಷಯ ಬಿಟ್ಟುಹೋಗಿದೆ. ರೂಮು 3ಕ್ಕೇ ಕೊಟ್ಟರೂ ಬ್ಯಾಗನ್ನು ಬೆಳಿಗ್ಗೆಯೇ ಇಟ್ಟುಕೊಳ್ಳುತ್ತಾರಾ ಅಂತ ಇವತ್ತೇ ಮೇಲ್ ಹಾಕಿ ಕೇಳಿ, ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಮುಖ್ಯ ನಿಲ್ದಾಣದಲ್ಲಿ ಲಾಕರ್ ಇದೆ. ಆ ನಿಲ್ದಾಣದಲ್ಲಿ ವರ್ಷಗಟ್ಟಲೆಯಿಂದ ಕಟ್ಟಡದ ಕೆಲಸ ನಡೆಯುತ್ತಿದೆ, ಬೋರ್ಡು ನೋಡಿಕೊಂಡೇ ನಡೆಯಬೇಕು.

ಭಾನುವಾರ ಬಂದಿದ್ದು ಒಂದು ರೀತಿ ಅದೃಷ್ಟ ಕಣ್ರೀ. ಆಲ್ಟೆ ಪಿನಕೊಟೆಕ್ ಅನ್ನುವ ಚಿತ್ರಶಾಲೆಗೆ ಭಾನುವಾರ ಟಿಕೆಟ್ ಬರೀ 1 ಯೂರೊ. ರೂಬೆನ್ಸ್‌ನ ಗೋಡೆಯಷ್ಟೆತ್ತರದ ಚಿತ್ರಗಳಿವೆ. ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಚಿತ್ರವೂ ಅಲ್ಲೇ ಇದೆ. ಉದ್ದ ಗುಂಗುರು ಕೂದಲು, ತುಪ್ಪಳದ ಕಾಲರ್ ಮೇಲೆ ಬೆರಳಿಟ್ಟುಕೊಂಡು ನೇರ ನಿಮ್ಮನ್ನೇ ನೋಡುತ್ತಿರುತ್ತಾನೆ. ಸೋಮವಾರ ಹೋದರೆ ಬಾಗಿಲು ಮುಚ್ಚಿರುತ್ತದೆ.

ಚಕ್ಕುಲಿ:
ರಾತ್ರಿಯಿಡೀ ನಿದ್ದೆಗೆಟ್ಟು ಬಂದವರಿಗೆ ಮ್ಯೂಸಿಯಂ ತೋರಿಸಬೇಡಿ ಸ್ವಾಮಿ! ಬೆಂಚಿನ ಮೇಲೆ ತೂಕಡಿಸುತ್ತಾ ಕೂರುತ್ತಾರೆ ಅಷ್ಟೇ. ಮೊದಲ ದಿನ ಬಿಸಿಲಲ್ಲಿ, ಬಯಲಲ್ಲಿ ಇರಬೇಕು ಅನ್ನೋದು ನನ್ನ ವಾದ. ಜೂನ್‌ನಲ್ಲಿ ಅಲ್ಲಿ ರಾತ್ರಿ 9 ದಾಟಿದ ಮೇಲೂ ಬೆಳಕಿರುತ್ತದೆ. ನಮಗಿಂತ ಮೂರೂವರೆ ಗಂಟೆ ಹಿಂದೆ ಬೇರೆ. ಮಧ್ಯಾಹ್ನ ಮಲಗಿದರೆ ರಾತ್ರಿ 2ಕ್ಕೆ ಎಚ್ಚರ ಆಗೋದು ಗ್ಯಾರಂಟಿ.

ಬ್ಯಾಗ್ ಇಟ್ಟು ಊರ ನಡುವಿನ ಮರಿಯೆನ್‌ಪ್ಲಾಟ್ಸ್ ಚೌಕಕ್ಕೆ ನಡೆದೇ ಹೋಗಿ. 11ಕ್ಕೆ ಅಥವಾ 12ಕ್ಕೆ ಹೊಸ ಪುರಭವನದ ಗೋಪುರದಲ್ಲಿ ಗಂಟೆ ಬಾರಿಸುತ್ತಾ ಗೊಂಬೆಗಳು ತಿರುಗುತ್ತವೆ. ಮೇಲಿನ ಅಂತಸ್ತಿನಲ್ಲಿ 1568ರ ರಾಜಮನೆತನದ ಮದುವೆಯ ಕುದುರೆ ಕಾಳಗ, ಕೆಳಗೆ ಪೀಪಾಯಿ ಮಾಡುವವರ ಕುಣಿತ. ಬಲು ನಿಧಾನ, ನಿಜ ಹೇಳಬೇಕೆಂದರೆ ಸ್ವಲ್ಪ ಬೋರು, ಜನ ಮಧ್ಯದಲ್ಲೇ ಹೊರಟುಬಿಡುತ್ತಾರೆ. ಆದರೆ ಕೊನೆಗೆ ಮೇಲಿರುವ ಚಿನ್ನದ ಬಣ್ಣದ ಹುಂಜ ಕೂಗುತ್ತದೆ, ಅಲ್ಲಿವರೆಗೆ ನಿಲ್ಲಿ. ಕತ್ತೆತ್ತಿ ನಿಂತಾಗ ಪರ್ಸ್ ಮೇಲೆ ಕೈಯಿರಲಿ.

ಅಲ್ಲಿಂದ ಇಂಗ್ಲಿಷರ್ ಗಾರ್ಟನ್. 1789ರಲ್ಲಿ ಶುರುವಾದ ಪಾರ್ಕ್, ದೊಡ್ಡದೆಂದರೆ ದೊಡ್ಡದು. ಬಿಸಿಲಿದ್ದರೆ ಒಂದು ಹುಲ್ಲುಗಾವಲಿನಲ್ಲಿ ಕೆಲವರು ಬಟ್ಟೆಯಿಲ್ಲದೆ ಮಲಗಿರುತ್ತಾರೆ. ಅಲ್ಲಿ ಅದು ಮಾಮೂಲು, ನಿಮ್ಮ ಪಾಡಿಗೆ ನೀವು ನಡೆದುಹೋಗಿ, ಫೋಟೊ ಗೀಟೊ ತೆಗೆಯಬೇಡಿ. ಒಳಗೆ ಮರದ ಚೀನೀ ಗೋಪುರ, ಅದರ ಸುತ್ತ ಬಿಯರ್ ಗಾರ್ಡನ್.

ಸಸ್ಯಾಹಾರಿಗೆ ಬಿಯರ್ ಗಾರ್ಡನ್‌ನಲ್ಲಿ ಏನು ಕೆಲಸ ಅಂತೀರಾ? ಬವೇರಿಯಾದ ಬಿಯರ್ ಗಾರ್ಡನ್‌ನಲ್ಲಿ ನಮ್ಮ ಬುತ್ತಿ ನಾವೇ ಬಿಚ್ಚಬಹುದು! 1812ರಲ್ಲಿ ಅಲ್ಲಿನ ರಾಜ, ಬಿಯರ್ ಮಾಡುವವರು ತಮ್ಮ ನೆಲಮಾಳಿಗೆಯ ಹತ್ತಿರವೇ ಬಿಯರ್ ಮಾರಬಹುದು, ಆದರೆ ಊಟ ಮಾರುವಂತಿಲ್ಲ ಅಂತ ಆದೇಶ ಮಾಡಿದ. ಜನ ಮನೆಯಿಂದ ತಿಂಡಿ ಕಟ್ಟಿಕೊಂಡು ಬರತೊಡಗಿದರು, ಆ ರೂಢಿ ಇವತ್ತಿಗೂ ನಡೆದಿದೆ. ಮೇಜಿಗೆ ಬಟ್ಟೆ ಹಾಸಿರದ ಕಡೆ ಕೂರಬೇಕು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಬಿಯರ್ ಬೇಡವಾದರೆ ಆಪ್ಫೆಲ್‌ಶೋರ್ಲೆ ಕೇಳಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು. ನಾನು ಚಪಾತಿಗೆ ಶೇಂಗಾ ಚಟ್ನಿಪುಡಿ ಎಣ್ಣೆ ಸವರಿ ಸುತ್ತಿಕೊಂಡು ಹೋಗಿದ್ದೆ. ಅದೇ ಉದ್ದ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಪುಡಿಯ ಡಬ್ಬಿ ಮೂಸಿ ನೋಡಿ, ತಮ್ಮ ಮೂಲಂಗಿ ಹೋಳುಗಳ ಮೇಲೆ ಉದುರಿಸಿಕೊಂಡು ತಿಂದರು. ಲೋಟಕ್ಕೂ ಠೇವಣಿ ಇರುತ್ತದೆ, ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳಿ.

ಕೇಳಿದವರು:
ಅಯ್ಯೋ ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್! ಹಾಗಾದರೆ ಚಪಾತಿ ಜೊತೆ ತುಪ್ಪ, ಧಾರವಾಡ ಪೇಡ ತರಬಹುದಾ? ರಾತ್ರಿ ಒಬ್ಬಳೇ ಓಡಾಡಲು ತೊಂದರೆ ಇಲ್ವಾ?

ಇಸಾರ್ ದಂಡೆ:
ತುಪ್ಪ, ಪೇಡ ಬೇಡ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಚಟ್ನಿಪುಡಿ, ಅವಲಕ್ಕಿ, ಎಣ್ಣೆಯ ಚಪಾತಿ ತನ್ನಿ.

ಬೆಣ್ಣೆದೋಸೆ:
ನಾನೂ ಒಬ್ಬಳೇ ಹೋಗಿ ಬಂದವಳು. ಮ್ಯೂನಿಕ್‌ನಲ್ಲಿ ರಾತ್ರಿ ಟ್ರಾಮ್‌ನಲ್ಲಿ ಓಡಾಡುವಾಗ ನನಗೆ ಭಯ ಅನ್ನಿಸಲಿಲ್ಲ. ಮುಖ್ಯ ನಿಲ್ದಾಣದ ಸುತ್ತಮುತ್ತ ಮಾತ್ರ ರಾತ್ರಿ ಹೊತ್ತು ಕುಡಿದವರು ಜಾಸ್ತಿ, ಮಾತಾಡಿಸಿದರೆ ನಿಲ್ಲದೆ ನಡೀರಿ. ಪೊಲೀಸ್ 110, ಆಂಬುಲೆನ್ಸ್ 112. ನನ್ನನ್ನು ಹೆದರಿಸಿದ್ದು ಸೈಕಲ್‌ನವರು! ಫುಟ್‌ಪಾತಿನಲ್ಲೇ ಅವರದ್ದೊಂದು ದಾರಿ ಇರುತ್ತದೆ, ಕೆಲವು ಕಡೆ ಕೆಂಪು ಬಣ್ಣ, ಕೆಲವು ಕಡೆ ಬರೀ ಗೆರೆ. ಅದರ ಮೇಲೆ ನಿಂತು ಮ್ಯಾಪ್ ನೋಡಬೇಡಿ, ಗಂಟೆ ಹೊಡೆಯುತ್ತಾ ಮೈಮೇಲೇ ಬರುತ್ತಾರೆ.

ಸಂಜೆ ಊಟಕ್ಕೆ ಕೇಸೆಷ್ಪೆಟ್ಸ್‌ಲೆ ಅನ್ನುವ, ಚೀಸ್ ಹಾಕಿದ ಮೊಟ್ಟೆ ನೂಡಲ್ಸ್ ಎಲ್ಲ ಕಡೆ ಸಿಗುತ್ತದೆ. ನಿಲ್ದಾಣದ ದಕ್ಷಿಣಕ್ಕೆ ಗೋಯ್ಟೆ ಬೀದಿ ಕಡೆ ಫಲಾಫೆಲ್ ಹೋಟೆಲ್‌ಗಳೂ ಇವೆ. ಬ್ರೆಟ್ಸೆಲ್ ಅನ್ನುವ ಗಂಟಿನಾಕಾರದ ಬ್ರೆಡ್‌ಗೆ ಕೆಲವು ಬೇಕರಿಯವರು ಹಂದಿ ಕೊಬ್ಬು ಹಾಕುವುದುಂಟು, ಕಟ್ಟುನಿಟ್ಟಿನವರಾದರೆ ಕೇಳಿಯೇ ತಿನ್ನಿ. ಕೈಯಲ್ಲಿ 50 ಯೂರೊ ನಗದು ಇರಲಿ. ಕಾರ್ಡ್ ಬೇಡ ಅನ್ನುವ ಸಣ್ಣ ಹೋಟೆಲ್‌ಗಳು ಇನ್ನೂ ಇವೆ, ನಿಲ್ದಾಣದ ಟಾಯ್ಲೆಟ್‌ಗೂ ಚಿಲ್ಲರೆ ಬೇಕು.

ಕಾಫಿ ಕಣ:
ವಿಮಾನ ಇಳಿದ ಕೂಡಲೇ ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್ ಅಂತ ಕೇಳಬಹುದು. ಹೋಟೆಲ್ ಬುಕಿಂಗ್, ರಿಟರ್ನ್ ಟಿಕೆಟ್, ಇನ್ಶೂರೆನ್ಸ್ ಮೂರನ್ನೂ ಪ್ರಿಂಟ್ ತೆಗೆದು ಕೈಚೀಲದಲ್ಲಿಟ್ಟುಕೊಳ್ಳಿ. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಫೋಟೊ ತೆಗೆಯುವ ಹೊಸ ಪದ್ಧತಿ ಬೇರೆ ಬಂದಿದೆ, ಕ್ಯೂ ಉದ್ದ ಇರಬಹುದು. 11ರ ಗೊಂಬೆಯಾಟ ತಪ್ಪಿದರೆ 12ರದ್ದು ನೋಡಿ. ಮ್ಯೂಸಿಯಂ ವಿಷಯದಲ್ಲಿ ಚಕ್ಕುಲಿಯವರ ಮಾತು ಒಪ್ಪಲ್ಲ, ಮಳೆ ಬಂದರೆ ಎಲ್ಲಿಗೆ ಹೋಗ್ತಾರೆ?

ಚಕ್ಕುಲಿ:
ಮಳೆ ಬಂದರೆ ನಿಮ್ಮ ಡ್ಯೂರರ್, ಒಪ್ಪಿದೆ. ವಾಪಸ್ ಬರುವ ದಿನದ ಒಂದು ಮಾತು, ಈಗಲೇ ಬರೆದಿಟ್ಟುಕೊಳ್ಳಿ. ವಿಮಾನ ನಿಲ್ದಾಣಕ್ಕೆ ಎಸ್1 ಹತ್ತಿದರೆ ಅದು ನಾಯ್‌ಫಾರ್ನ್ ನಿಲ್ದಾಣದಲ್ಲಿ ಎರಡು ತುಂಡಾಗುತ್ತದೆ, ಒಂದು ಭಾಗ ಫ್ರೈಸಿಂಗ್ ಅನ್ನುವ ಬೇರೆ ಊರಿನ ಕಡೆ ಹೋಗುತ್ತದೆ. ಹತ್ತುವ ಮುಂಚೆ ಬೋಗಿಯ ಮೇಲಿನ ಬೋರ್ಡು ನೋಡಿ. ತಲೆಬಿಸಿಯೇ ಬೇಡ ಅಂದರೆ ಎಸ್8 ಹಿಡಿಯಿರಿ.