ಘಟ್ಟ ಇಳಿಯುವಾಗ ಹೈಬ್ರಿಡ್ ಕಾರಿನ ಹಿಡಿತ ತಪ್ಪುವುದೇಕೆ?

ತೀರ್ಥಹಳ್ಳಿ ವಾಸಿ:
ಕಳೆದ ವಾರ ಸ್ನೇಹಿತರ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ) ಕಾರಿನಲ್ಲಿ ಆಗುಂಬೆ ಘಟ್ಟ ಇಳಿದೆವು. ಮೇಲಿನ ತಿರುವುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಗುತ್ತಿದ್ದ ಗಾಡಿ, ಸೋಮೇಶ್ವರ ಹತ್ತಿರವಾದಂತೆ ಆ ಹಿಡಿತವನ್ನು ಕಳೆದುಕೊಂಡಿತು. ಎಂಜಿನ್ ತಾನಾಗಿಯೇ ಮೊರೆಯತೊಡಗಿತು. ಇದು ದೋಷವೇ? ಫೆರಾರಿಯಂತಹ ಹೈಬ್ರಿಡ್‌ಗಳಲ್ಲೂ ಹೀಗಾಗುತ್ತದೆಯೇ?

ಮೋಟಾರು ಮೇಷ್ಟ್ರು:
ದೋಷವಲ್ಲ. ಇಳಿಜಾರಿನಲ್ಲಿ ಮೋಟಾರು ಜನರೇಟರಾಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ, ನಿಮಗೆ ಅನಿಸಿದ ಹಿಡಿತ ಅದೇ. ಒಂದೂವರೆ ಟನ್ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಲೆಕ್ಕಕ್ಕೆ ಸುಮಾರು 2 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಸಾಮಾನ್ಯ ಹೈಬ್ರಿಡ್ ಬ್ಯಾಟರಿ ಹಿಡಿಯುವುದೋ ಒಂದು ಯೂನಿಟ್ಟಿನ ಆಸುಪಾಸು. ಅದು ತುಂಬಿದ ಮೇಲೆ ಕಾರಿನ ಕಂಪ್ಯೂಟರು, ಪೆಟ್ರೋಲ್ ಕೊಡದೆಯೇ ಎಂಜಿನ್ನನ್ನು ತಿರುಗಿಸಿ, ಅದರ ತಡೆಯಿಂದ ವೇಗವನ್ನು ಹತೋಟಿಯಲ್ಲಿಡಲು ಯತ್ನಿಸುತ್ತದೆ. ಮೊರೆತಕ್ಕೆ ಕಾರಣ ಅದು.

ಸಾಗರದ ಓದುಗ:
ಫೆರಾರಿ ಎಸ್‌ಎಫ್90ರ ಬ್ಯಾಟರಿ 7.9 ಯೂನಿಟ್ಟಿನದು, ಆದರೂ ತುಂಬಿದ ಬ್ಯಾಟರಿಯೊಂದಿಗೆ ಹೊರಟರೆ ಅದಕ್ಕೂ ಇದೇ ನಿಯಮ. ಮೂರು ಮೋಟಾರುಗಳಲ್ಲಿ ಒಂದು ವಿ8 ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕುಳಿತಿದ್ದರೆ, ಇನ್ನೆರಡು ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ. ಒಟ್ಟು 1000 ಅಶ್ವಶಕ್ತಿಯ ಈ ಕಾರಿಗೆ ರಿವರ್ಸ್ ಗೇರೇ ಇಲ್ಲ, ಹಿಂದಕ್ಕೆ ಹೋಗುವುದು ಮುಂದಿನ ಮೋಟಾರುಗಳ ಬಲದಿಂದ. (ನಮ್ಮ ಘಟ್ಟದ ತಿರುವಿನಲ್ಲಿ ಬಸ್ ಎದುರಾದರೆ ಬೇಕಾಗುವುದು ಅದೇ!)

ತೀರ್ಥಹಳ್ಳಿ ವಾಸಿ:
ಧನ್ಯವಾದಗಳು. ಹಾಗಾದರೆ ಬ್ರೇಕ್ ಕಾಯದಂತೆ ಏನು ಮಾಡಬೇಕು?

ಮೋಟಾರು ಮೇಷ್ಟ್ರು:
ಗೇರ್ ಹಿಡಿಯ ಬಳಿ 'ಬಿ' ಸ್ಥಾನವಿದ್ದರೆ (ಎಂಜಿನ್ನಿನ ತಡೆಯನ್ನು ಹೆಚ್ಚಿಸಿ ಬ್ರೇಕಿನ ಹೊರೆ ತಗ್ಗಿಸುವ ಸ್ಥಾನ), ಇಳಿಯುವ ಮೊದಲೇ ಅದಕ್ಕೆ ಹಾಕಿಕೊಳ್ಳಿ.