ಸಹಾಯ ಬೇಕು: ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗಿ ಮೀನು ಹಿಡಿಯುವುದು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿಯವನು, ವರದೆ ಮತ್ತು ತುಂಗಭದ್ರೆಯ ದಡದಲ್ಲಿ ಗಾಳ ಹಾಕಿ ಬೆಳೆದವನು. ಕಾರವಾರದಲ್ಲಿರುವ ನಮ್ಮ ಭಾವ ಔಟ್‌ಬೋರ್ಡ್ ಎಂಜಿನ್‌ನ ಸಣ್ಣ ಫೈಬರ್ ದೋಣಿ ಕೊಂಡಿದ್ದಾರೆ. ಮಳೆಗಾಲ ಕಳೆದ ಮೇಲೆ ಇಬ್ಬರೂ ಇಸ್ವಾಣದ (ಅಂಜಲ್ ಮೀನಿನ) ಬೇಟೆಗೆ ಹೋಗಬೇಕೆಂದಿದ್ದೇವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ, 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ವಿನಾಯಿತಿ ಇದೆ. ವಿನಾಯಿತಿ ಇದೆಯೆಂದು ಆಷಾಢದ ಕಡಲಿಗೆ ಇಳಿಯುವ ಹುಚ್ಚು ನಮಗಿಲ್ಲ!

ನನ್ನ ತೊಡಕು ಗಾಳದ್ದು. ಹೊಳೆಯಲ್ಲಿ ಎರೆಹುಳು ಸಿಕ್ಕಿಸಿ, ಬೆಂಡು ಅಲುಗುವವರೆಗೆ ಸುಮ್ಮನೆ ಕೂತರೆ ಸಾಕು. ಇಸ್ವಾಣಕ್ಕೆ ಹಾಗಲ್ಲ; ದೋಣಿ ಸಾಗುತ್ತಿರಬೇಕು, ಹಿಂದೆ ಎರೆ ಓಡುತ್ತಿರಬೇಕು. ಅದರ ಹಲ್ಲು ಬರಿಯ ನೈಲಾನ್ ದಾರವನ್ನು ಕಚಕ್ಕನೆ ಕತ್ತರಿಸುತ್ತದೆಯಾದ್ದರಿಂದ ಕೊಕ್ಕೆಯ ಹತ್ತಿರ ಉಕ್ಕಿನ ತಂತಿ ಬೇಕು. ಆ ತಂತಿ ಎಷ್ಟು ಉದ್ದವಿರಬೇಕು? ದೋಣಿಯ ವೇಗ ಎಷ್ಟು? ಎರೆಯಾಗಿ ಇಡೀ ಬೂತಾಯಿ ಮೀನು ಕಟ್ಟುವುದು ಮೇಲೋ, ಪ್ಲಾಸ್ಟಿಕ್ ಮೀನೋ?

ಈಜು ಬರುತ್ತದೆಂದು ಭಾವನವರು ಲೈಫ್ ಜಾಕೆಟ್ ನೋಡಿ ನಗುತ್ತಾರೆ. ನಾನು ಇಬ್ಬರಿಗೂ ಕೊಂಡಾಗಿದೆ, ತೊಡದಿದ್ದರೆ ದೋಣಿ ಹತ್ತುವುದಿಲ್ಲ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554 ಮೊಬೈಲಿನಲ್ಲಿದೆ. ಆದರೆ ದಡ ದೂರವಾದಂತೆ ಸಿಗ್ನಲ್ ಸಿಗುವುದಿಲ್ಲವಲ್ಲ, ಹಾಗಾಗಿ ವಿಎಚ್‌ಎಫ್ ರೇಡಿಯೋ (ಕಡಲಲ್ಲಿ ಮಾತಾಡಲು ಬಳಸುವ ನಿಸ್ತಂತು ಸಾಧನ) ಬಳಸುವವರು ಪರವಾನಗಿಯ ವಿಷಯ ತಿಳಿಸಿ.

ಮಧ್ಯಾಹ್ನ ಕಡಲಗಾಳಿ ಬಲವಾಗುವ ಮೊದಲೇ ದಡ ಸೇರಬೇಕೆಂದರೆ ಎಷ್ಟು ಹೊತ್ತಿಗೆ ಹೊರಡುತ್ತೀರಿ? ಬೆಳಗ್ಗೆ ರೊಟ್ಟಿ ತಿಂದು ಹೊರಡಬಹುದೇ, ವಾಂತಿಯಾದೀತೇ?