ಕಪ್ಪೆಚಿಪ್ಪಿನ ಕಲ್ಲಿನ ಕೋಟೆ ಫಿರಂಗಿಯನ್ನು ತಾಳಿದ್ದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಬಂಕಾಪುರದ ಕೋಟೆಗೆ ಕರೆದೊಯ್ದಿದ್ದೆ. ನವಿಲುಗಳು ಓಡಾಡುವ ಕಂದಕವನ್ನೂ ಅರವತ್ತು ಕಂಬದ ನಗರೇಶ್ವರ ಗುಡಿಯನ್ನೂ ನೋಡಿ, ನೆರಳಲ್ಲಿ ಕುಳಿತು ಬುತ್ತಿ ಉಣ್ಣುವಾಗ, ಅಮೆರಿಕದ ಫ್ಲಾರಿಡಾದಲ್ಲಿ ಸ್ಪೇನಿನವರು ಸಮುದ್ರದ ಚಿಪ್ಪುಗಳು ಬೆಸೆದು ಆದ ಕಲ್ಲಿನಿಂದ ಕಟ್ಟಿದ ಸ್ಯಾನ್ ಮಾರ್ಕೋಸ್ ಕೋಟೆಯ ವಿಷಯ ಹೇಳಿದೆ. ಒಬ್ಬ ಹುಡುಗ ಕೂಡಲೇ, "ಅಕ್ಕೋರ, ಚಿಪ್ಪಿನ ಕಲ್ಲು ಗುಂಡಿಗೆ ಒಡಿಯಂಗಿಲ್ಲೇನ್ರೀ?" ಎಂದು ಕೇಳಿದ. ಅವನಿಗೆ ಸರಿಯಾದ ಉತ್ತರ ಕೊಡಬೇಕಾಗಿದೆ. ಯುದ್ಧದ ಕೋಟೆ ಇಂದು ಉದ್ಯಾನವಾಗಿ ಉಳಿದ ಬಗೆಯನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಕಟ್ಟಡಗಳ ದುರಸ್ತಿ ಕೆಲಸದವನು, ಗದಗ

ಆ ಹುಡುಗನ ಅನುಮಾನ ಕೋಟೆಗೆ ಮುತ್ತಿಗೆ ಹಾಕಿದವರಿಗೂ ಇದ್ದಿರಬೇಕು. ಕೊಕಿನಾ ಎಂಬ ಆ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ. ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ನಮ್ಮ ಲಕ್ಕುಂಡಿಯ ಬಳಪದ ಕಲ್ಲಿಗೂ ಇದೇ ಗುಣವಿರುವುದರಿಂದ ಮಕ್ಕಳಿಗೆ ವಿವರಿಸುವುದು ಸುಲಭ. ಆದರೆ ಬಳಪದ ಕಲ್ಲಿನಂತೆ ಇದರ ಒಡಲು ಒತ್ತಾಗಿಲ್ಲ, ಚಿಪ್ಪು ಚಿಪ್ಪುಗಳ ನಡುವೆ ಸಣ್ಣ ಸಣ್ಣ ಸಂದುಗಳಿವೆ. ಒತ್ತಾದ ಕಲ್ಲಿಗೆ ಗುಂಡು ಬಡಿದರೆ ಬಿರುಕು ಗೋಡೆಯುದ್ದಕ್ಕೂ ಹರಿಯುತ್ತದೆ. ಇಲ್ಲಿ ಬಡಿದ ಜಾಗವಷ್ಟೇ ಕುಸಿದು ಗುಂಡನ್ನು ಒಳಗೆ ಹಿಡಿದುಕೊಳ್ಳುತ್ತದೆ. ಗೋಡೆಗಳ ದಪ್ಪವೂ ಬುಡದಲ್ಲಿ ಸುಮಾರು 14 ಅಡಿ. ಗಚ್ಚಿಗೆ ಬೇಕಾದ ಸುಣ್ಣವನ್ನೂ ಅವರು ಸಿಂಪಿಯ ಚಿಪ್ಪುಗಳನ್ನೇ ಸುಟ್ಟು ಮಾಡಿಕೊಂಡಿದ್ದರು.

1668ರಲ್ಲಿ ಕಡಲ್ಗಳ್ಳರು ಸೇಂಟ್ ಅಗಸ್ಟೀನ್ ಊರನ್ನು ದೋಚಿದಾಗ ಅಲ್ಲಿದ್ದದ್ದು ಮರದ ಕೋಟೆ. ಆ ಪೆಟ್ಟಿನ ನಂತರವೇ, 1672ರಲ್ಲಿ, ಕಲ್ಲಿನ ಕೆಲಸ ಆರಂಭವಾಗಿ 1695ರಲ್ಲಿ ಮುಗಿಯಿತು. ಏಳೇ ವರ್ಷಗಳಲ್ಲಿ, 1702ರಲ್ಲಿ, ಕೆರೊಲಿನಾದಿಂದ ಬಂದ ಆಂಗ್ಲರು ಮುತ್ತಿಗೆ ಹಾಕಿದರು. ಸುಮಾರು 1500 ಜನ, ಹೆಂಗಸರು ಮಕ್ಕಳ ಸಮೇತ, ಆ ಒಂದು ಅಂಗಳದಲ್ಲಿ ಐವತ್ತು ದಿನಗಳಷ್ಟು ಕಾಲ ಇದ್ದರೆಂಬುದನ್ನು ಓದಿದಾಗ ಅವರ ನೀರು, ಕಾಳು, ನಿದ್ದೆಯ ಚಿಂತೆಯೇ ನನಗೆ ಮೊದಲು ಬಂತು. ಕ್ಯೂಬಾದ ಹವಾನಾದಿಂದ ಸ್ಪೇನಿನ ಹಡಗುಗಳು ಬಂದ ಮೇಲೆ ಆಂಗ್ಲರು ಊರನ್ನು ಸುಟ್ಟು ಹಿಂದಿರುಗಿದರು. ಕೋಟೆ ಮಾತ್ರ ಕೈಗೆ ಸಿಗಲಿಲ್ಲ. 1740ರ ಮುತ್ತಿಗೆಯೂ ವಿಫಲವಾಯಿತು.

ಉತ್ತರ 2: ಇತಿಹಾಸದ ವಿದ್ಯಾರ್ಥಿ, ಧಾರವಾಡ

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಲೇಬೇಕು. ಆ ಗೋಡೆಗಳನ್ನು ಎತ್ತಿದವರಲ್ಲಿ ಕ್ಯೂಬಾದಿಂದ ಬಂದ ಕಲ್ಲುಕುಟಿಗರ ಜೊತೆಗೆ ಸುತ್ತಲಿನ ಮೂಲನಿವಾಸಿಗಳೂ ಗುಲಾಮರಾಗಿದ್ದ ಆಫ್ರಿಕನ್ನರೂ ಇದ್ದರು. ಯುದ್ಧದಲ್ಲಿ ಎಂದೂ ಸೋಲದ ಕೋಟೆ ಕೈ ಬದಲಿಸಿದ್ದು ಒಪ್ಪಂದಗಳಿಂದ: 1763ರಲ್ಲಿ ಬ್ರಿಟಿಷರಿಗೆ, ಇಪ್ಪತ್ತು ವರ್ಷಗಳ ಬಳಿಕ ಮರಳಿ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ. ಅಮೆರಿಕನ್ನರು ಅದಕ್ಕೆ ಫೋರ್ಟ್ ಮೇರಿಯನ್ ಎಂದು ಹೆಸರಿಟ್ಟು ಸೆರೆಮನೆಯಾಗಿಯೂ ಬಳಸಿದರು. 1837ರಲ್ಲಿ ಫ್ಲಾರಿಡಾದ ಮೂಲನಿವಾಸಿಗಳಾದ ಸೆಮಿನೋಲರ ನಾಯಕ ಓಸಿಯೋಲಾನನ್ನು ಬಿಳಿ ಬಾವುಟದಡಿ ಮಾತುಕತೆಗೆ ಬಂದಾಗಲೇ ಸೆರೆಹಿಡಿದು ಇಲ್ಲಿಟ್ಟರು. 1875ರಿಂದ ಮೂರು ವರ್ಷ, ಬಯಲುಸೀಮೆಯ ಶೈಯೆನ್, ಕೈಯೋವಾ ಮುಂತಾದ ಬುಡಕಟ್ಟುಗಳ 70ಕ್ಕೂ ಹೆಚ್ಚು ಜನ ಇಲ್ಲಿ ಸೆರೆಯಲ್ಲಿದ್ದರು. ಅವರಲ್ಲಿ ಕೆಲವರು ಲೆಕ್ಕದ ಪುಸ್ತಕಗಳ ಹಾಳೆಗಳಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ತಮ್ಮ ಬೇಟೆ, ಕುದುರೆ, ರೈಲಿನ ಪಯಣಗಳನ್ನು ಚಿತ್ರಿಸಿದರು. ಮಕ್ಕಳಿಗೆ ಮುತ್ತಿಗೆಯ ಕಥೆಗಿಂತ ಮೊದಲು ಆ ಚಿತ್ರಗಳನ್ನು ತೋರಿಸಿ ಎಂಬುದು ನನ್ನ ವಿನಂತಿ.

1924ರಲ್ಲಿ ಕೋಟೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು, 1933ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಗೆ ಒಪ್ಪಿಸಲಾಯಿತು, 1942ರಲ್ಲಿ ಹಳೆಯ ಸ್ಪ್ಯಾನಿಷ್ ಹೆಸರು ಮರಳಿತು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಗುಂಡನ್ನು ತಾಳಿದ ಗೋಡೆಯ ಮೇಲೆ ಹತ್ತಬಾರದೆಂದು ಅಲ್ಲಿ ನೋಡಲು ಬಂದವರಿಗೆ ಹೇಳುತ್ತಾರಂತೆ. ಇದು ಏಕೆ?

ಉತ್ತರ 1ರವರು:

ಒಳಗಿನ ಸಂದುಗಳೇ ಕಾರಣ. ಗುಂಡಿನ ಪೆಟ್ಟನ್ನು ನುಂಗುವ ಕಲ್ಲು ದಿನದಿನದ ಸವೆತವನ್ನು ತಾಳದು. ಕೈ ಉಜ್ಜಿದಲ್ಲಿ, ಕಾಲಿಟ್ಟಲ್ಲಿ ಚಿಪ್ಪಿನ ಚೂರುಗಳು ಉದುರುತ್ತವೆ. ಮೊದಲು ಗೋಡೆಗಳಿಗೆ ಬಿಳಿ ಸುಣ್ಣದ ಗಾರೆಯೂ ಕಾವಲು ಗೋಪುರಗಳಿಗೆ ಕೆಂಪು ಬಣ್ಣವೂ ಇತ್ತು. ಆ ಗಾರೆ ಬಹುತೇಕ ಹೋಗಿರುವುದರಿಂದಲೇ ಇಂದು ಚಿತ್ರಗಳಲ್ಲಿ ಬೂದು ಕಲ್ಲೂ ಅದರೊಳಗಿನ ಚಿಪ್ಪುಗಳೂ ಕಾಣುತ್ತವೆ.